ಪದ್ಮಾಸನ ಹಾಕುವಾಗ ಮಂಡಿ ಉಳಿಸಿಕೊಳ್ಳುವುದು ಹೇಗೆ

(ಯೋಗ ಕಲಿಯುವವರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಒಂದು ಸಣ್ಣ ಪ್ರಯೋಗ ಮಾಡೋಣ. ಎಲ್ಲರೂ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಂದು ಕೂತುಕೊಳ್ಳಿ. ಬಲಗಾಲನ್ನು ಮುಂದಕ್ಕೆ ನೇರವಾಗಿ ಚಾಚಿ. ಹಿಮ್ಮಡಿ ನೆಲದ ಮೇಲಿರಲಿ. ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಿ. ಈಗ ಕಾಲ್ಬೆರಳು ಹೊರಗೆ ನೋಡುವ ಹಾಗೆ ಇಡೀ ಕಾಲನ್ನು ಹೊರಳಿಸಿ. ಮತ್ತೆ ಒಳಕ್ಕೆ ತನ್ನಿ. ಕೈ ಕೆಳಗೆ ತೊಡೆ ಹೊರಳುವುದು ಗೊತ್ತಾಗುತ್ತಿದೆ ಅಲ್ವಾ? ಮಂಡಿಚಿಪ್ಪೂ ಅದರ ಜೊತೆಗೇ ತಿರುಗುತ್ತಿದೆ.

ಈಗ ಮಂಡಿ ಮಡಚಿ ಪಾದವನ್ನು ನೆಲಕ್ಕೆ ಇಡಿ. ತೊಡೆಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಳ್ಳಿ, ಅದು ಒಂದಿಷ್ಟೂ ಅಲುಗಬಾರದು. ಹಿಮ್ಮಡಿಯನ್ನು ಊರಿಕೊಂಡೇ ಪಾದವನ್ನು ಹೊರಗೆ, ಒಳಗೆ ತಿರುಗಿಸಿ. ಎಷ್ಟು ತಿರುಗಿತು? ಸ್ವಲ್ಪವೇ. ಅದರಲ್ಲೂ ಒಂದಷ್ಟು ಪಾದದ ಗಂಟಿನಿಂದ ಬಂದದ್ದು.

ಮೊದಲು ಮಾಡಿದ್ದು ಸೊಂಟದ ಕೀಲಿನ ತಿರುಗಾಟ. ಎರಡನೆಯದು ಮಂಡಿಯದು. ಪದ್ಮಾಸನ ಸುರಕ್ಷಿತವಾಗಿರಬೇಕಾದರೆ ಅದು ಮೊದಲನೇ ತಿರುಗಾಟದಿಂದ ಆಗಬೇಕು. ನಾನು ಇವತ್ತು ಹೇಳುವುದೆಲ್ಲ ಈ ಒಂದು ವಿಷಯದ ಸುತ್ತಲೇ ಇದೆ.

ಆಸನದ ಆಕಾರ ನಿಮಗೆಲ್ಲ ಗೊತ್ತು. ಬಲಪಾದ ಎಡತೊಡೆಯ ಮೇಲೆ, ಎಡಪಾದ ಬಲತೊಡೆಯ ಮೇಲೆ, ಅಂಗಾಲು ಎರಡೂ ಮೇಲ್ಮುಖ. ಅಂಗಾಲು ಮೇಲೆ ನೋಡಬೇಕಾದರೆ ಕಾಲು ಎಲ್ಲೋ ಒಂದು ಕಡೆ ತಿರುಗಲೇಬೇಕು. ತೊಡೆಮೂಳೆಯ ಮೇಲ್ತುದಿ ಒಂದು ಗುಂಡು. ಅದು ಸೊಂಟದ ಮೂಳೆಯಲ್ಲಿರುವ ಗುಳಿಯೊಳಗೆ ಕೂತಿದೆ. ಹಾಗಾಗಿ ಆ ಕೀಲು ಎಲ್ಲ ದಿಕ್ಕಿಗೂ ಹೊರಳುತ್ತದೆ. ಮಂಡಿ ಬಾಗಿಲಿನ ಕೀಲಿನ ಹಾಗೆ. ಮಡಚುವುದು, ಬಿಡಿಸುವುದು, ಇಷ್ಟೇ ಅದರ ಮುಖ್ಯ ಕೆಲಸ. ಮಡಚಿಕೊಂಡಾಗ ಸ್ವಲ್ಪ ಆಚೀಚೆ ತಿರುಗುತ್ತದೆ, ನಿಜ. ಆದರೆ ಬಲ ಹಾಕಿ ತಿರುಚಿದರೆ ತಡೆದುಕೊಳ್ಳುವುದಿಲ್ಲ.

ತೊಡೆ ಸೊಂಟದಿಂದ ಚೆನ್ನಾಗಿ ಹೊರಕ್ಕೆ ಹೊರಳಿದರೆ ಮಂಡಿ ಸುಮ್ನೆ ಮಡಚಿಕೊಂಡರೆ ಸಾಕು. ಬೇರೆ ಯಾವ ಕೆಲಸವೂ ಅದಕ್ಕಿಲ್ಲ. ತೊಡೆ ಅರ್ಧದಲ್ಲೇ ನಿಂತಿತು, ಆದರೂ ಕೈ ಪಾದವನ್ನು ಮೇಲಕ್ಕೆ ಎಳೆಯುತ್ತಲೇ ಇದೆ ಅಂತಿಟ್ಟುಕೊಳ್ಳಿ. ಆಗ ಬಾಕಿ ಉಳಿದ ತಿರುಚು ಎಲ್ಲಿಗೆ ಹೋಗಬೇಕು? ಮೊದಲು ಪಾದದ ಗಂಟಿಗೆ, ಆಮೇಲೆ ಮಂಡಿಗೆ. ಸಾಮಾನ್ಯವಾಗಿ ವಯಸ್ಕರ ತೊಡೆ ಹೊರಕ್ಕೆ ತಿರುಗುವುದು ಸುಮಾರು 45 ಡಿಗ್ರಿ. ಪೂರ್ಣ ಪದ್ಮಾಸನಕ್ಕೆ ಅದಕ್ಕಿಂತ ಬಹಳ ಜಾಸ್ತಿ ಬೇಕು. ಹಾಗಾಗಿ ಮೊದಲ ದಿನ ಆಸನ ಬರಲಿಲ್ಲ ಅಂತ ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಬರದಿರುವುದೇ ಸಹಜ.

ಮಂಡಿಯೊಳಗೆ ಏನಾಗುತ್ತದೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದು ಗೊತ್ತಾದವರು ಬಲವಂತ ಮಾಡುವುದನ್ನು ತಾವಾಗಿಯೇ ಬಿಟ್ಟುಬಿಡುತ್ತಾರೆ.

ತೊಡೆಮೂಳೆಗೂ ಕೆಳಗಾಲಿನ ಮೂಳೆಗೂ ನಡುವೆ ಅರ್ಧಚಂದ್ರದ ಆಕಾರದ ಎರಡು ಮೆತ್ತೆಗಳಿವೆ. ಮೆನಿಸ್ಕಸ್ ಅಂತ ಅವುಗಳ ಹೆಸರು. ಒಂದು ಮಂಡಿಯ ಒಳಬದಿಗೆ, ಇನ್ನೊಂದು ಹೊರಬದಿಗೆ. ಮೂಳೆಗಳ ನಡುವೆ ಭಾರ ಹಂಚುವುದು ಇವುಗಳ ಕೆಲಸ. ಹೊರಬದಿಯದು ಸ್ವಲ್ಪ ಸಡಿಲ. ಮಂಡಿ ತಿರುಗಿದಾಗ ಜಾರಿ ಜಾಗ ಬಿಟ್ಟುಕೊಡುತ್ತದೆ. ಒಳಬದಿಯದು ಪಕ್ಕದ ಲಿಗಮೆಂಟಿಗೂ (ಮೂಳೆಯನ್ನು ಮೂಳೆಗೆ ಕಟ್ಟಿಹಿಡಿಯುವ ಪಟ್ಟಿ) ಕೀಲಿನ ಚೀಲಕ್ಕೂ ಬಿಗಿಯಾಗಿ ಅಂಟಿಕೊಂಡಿದೆ. ಅದಕ್ಕೆ ಅಷ್ಟು ಸುಲಭವಾಗಿ ಸರಿಯಲು ಆಗುವುದಿಲ್ಲ. ಮಂಡಿಯನ್ನು ಪೂರ್ತಿ ಮಡಚಿ, ಅದೇ ಸಮಯಕ್ಕೆ ಪಾದವನ್ನು ಮೇಲಕ್ಕೆಳೆದು ತಿರುಚಿದರೆ ಒಳಬದಿಯಲ್ಲಿ ಮೂಳೆಗಳ ನಡುವಿನ ಜಾಗ ಕಿರಿದಾಗುತ್ತದೆ. ಮೆತ್ತೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಹೊರಬದಿಯ ಲಿಗಮೆಂಟು ಅದೇ ಹೊತ್ತಿಗೆ ಎಳೆದು ಬಿಗಿಯಾಗುತ್ತದೆ. ಪದ್ಮಾಸನ ಹಾಕಿದಾಗ ಮಂಡಿಯ ಒಳಬದಿಯಲ್ಲಿ ಚಿವುಟಿದ ಹಾಗೆ ಆಗುತ್ತದೆ ಅಂತ ತುಂಬ ಜನ ಹೇಳುವುದು ಇದನ್ನೇ.

ಇನ್ನೊಂದು ವಿಷಯ ಇದೆ, ಅದು ನನಗೆ ಇದಕ್ಕಿಂತ ಮುಖ್ಯ. ಆ ಮೆತ್ತೆಯ ಹೊರ ಅಂಚಿಗೆ ಮಾತ್ರ ರಕ್ತದ ಪೂರೈಕೆ ಇದೆ. ಒಳಭಾಗಕ್ಕೆ ಇಲ್ಲ. ನೋವು ತಿಳಿಸುವ ನರಗಳೂ ಅಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇದರಿಂದ ಎರಡು ತೊಂದರೆ. ಒಂದು, ಒಳಭಾಗ ಹರಿದರೆ ತಾನಾಗಿ ಕೂಡಿಕೊಳ್ಳುವುದು ಕಷ್ಟ. ಇನ್ನೊಂದು, ಪೆಟ್ಟು ಬೀಳುವ ಹೊತ್ತಿಗೆ ನೋವು ಗೊತ್ತಾಗದೇ ಇರಬಹುದು. ಆಸನದಲ್ಲಿ ಕೂತಾಗ ಏನೂ ಅನ್ನಿಸುವುದಿಲ್ಲ. ಮಾರನೇ ದಿನ ಮೆಟ್ಟಿಲು ಇಳಿಯುವಾಗ ಮಂಡಿ ಚುಚ್ಚುತ್ತದೆ. ಆದ್ದರಿಂದ ಹಿಂದಿನ ದಿನದ ಅಭ್ಯಾಸ ಸರಿಯಿತ್ತೋ ಇಲ್ಲವೋ ಅನ್ನುವುದನ್ನು ಬೆಳಿಗ್ಗೆ ಎದ್ದು ಮೆಟ್ಟಿಲು ಇಳಿದು ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಮಂಡಿ ಬಿಗಿಯಾಗಿದ್ದರೆ, ಊದಿದ್ದರೆ, ಒಳಗೆ ಏನೋ ಸಿಕ್ಕಿಕೊಂಡಂತೆ ಇದ್ದರೆ ಹಿಂದಿನ ದಿನ ಮಾಡಿದ್ದು ಜಾಸ್ತಿಯಾಗಿದೆ ಅಂತಲೇ ಅರ್ಥ.

ಹಾಗಾದರೆ ಸೊಂಟದ ಕೀಲನ್ನು ಸಡಿಲಿಸುತ್ತಾ ಹೋದರೆ ಎಲ್ಲರಿಗೂ ಪದ್ಮಾಸನ ಬರುತ್ತದಾ? ಇಲ್ಲ. ಇದನ್ನು ನೇರವಾಗಿ ಹೇಳಿಬಿಡುವುದು ಒಳ್ಳೆಯದು. ಎಷ್ಟೋ ತರಗತಿಗಳಲ್ಲಿ ಇದನ್ನು ಹೇಳುವುದಿಲ್ಲ ಅನ್ನುವುದು ನನ್ನ ಬೇಸರ. "ಅಭ್ಯಾಸ ಮಾಡಿ, ಬಂದೇ ಬರುತ್ತದೆ" ಅಂದುಬಿಡುತ್ತಾರೆ. ಸ್ನಾಯು ಬಿಗಿಯಾಗಿದ್ದರೆ ಅಭ್ಯಾಸದಿಂದ ಸಡಿಲವಾಗುತ್ತದೆ. ಮೂಳೆಯ ಆಕಾರ ಬದಲಾಗುವುದಿಲ್ಲ. ತೊಡೆಮೂಳೆಯ ಕುತ್ತಿಗೆ ಸ್ವಲ್ಪ ಮುಂದಕ್ಕೆ ತಿರುಗಿಕೊಂಡಿರುತ್ತದೆ. ಹುಟ್ಟಿದಾಗ ಆ ತಿರುವು ಜಾಸ್ತಿ, ಬೆಳೆಯುತ್ತಾ ಕಡಿಮೆಯಾಗಿ ದೊಡ್ಡವರಲ್ಲಿ ಸರಾಸರಿ 15 ಡಿಗ್ರಿಯ ಆಸುಪಾಸಿಗೆ ಬಂದು ನಿಲ್ಲುತ್ತದೆ. ಆದರೆ ಎಲ್ಲರಲ್ಲೂ ಒಂದೇ ಅಲ್ಲ. ಈ ತಿರುವು ಜಾಸ್ತಿ ಇರುವವರ ತೊಡೆ ಒಳಕ್ಕೆ ಚೆನ್ನಾಗಿ ತಿರುಗುತ್ತದೆ, ಹೊರಕ್ಕೆ ಕಡಿಮೆ. ಕಡಿಮೆ ಇರುವವರದ್ದು ಇದಕ್ಕೆ ಉಲ್ಟಾ. ಗುಳಿಯ ಆಳವೂ ಒಬ್ಬೊಬ್ಬರದು ಒಂದೊಂದು ಥರ. ಒಂದೇ ಮನೆಯ ಅಣ್ಣ ಸಲೀಸಾಗಿ ಪದ್ಮಾಸನದಲ್ಲಿ ಕೂತರೆ ತಮ್ಮನಿಗೆ ಜನ್ಮದಲ್ಲಿ ಆಗದೇ ಇರಬಹುದು. ಅದರಲ್ಲಿ ತಮ್ಮನ ಸೋಮಾರಿತನ ಏನೂ ಇಲ್ಲ.

ಸ್ನಾಯು ತಡೆಯುತ್ತಿದೆಯೋ ಮೂಳೆ ತಡೆಯುತ್ತಿದೆಯೋ ಅಂತ ತಿಳಿಯುವುದು ಹೇಗೆ? ಪೃಷ್ಠದಲ್ಲಿ, ತೊಡೆಯ ಹೊರಬದಿಯಲ್ಲಿ ಅಗಲವಾಗಿ ಸೆಳೆದಂತೆ ಆಗುತ್ತಿದ್ದರೆ ಅದು ಸ್ನಾಯು. ಉಸಿರು ಬಿಡುತ್ತಾ ಇದ್ದರೆ ಅದು ನಿಧಾನಕ್ಕೆ ಕರಗುತ್ತದೆ. ತೊಡೆಸಂದಿನ ಮುಂಭಾಗದಲ್ಲಿ, ಬೆರಳಿಟ್ಟು ತೋರಿಸುವ ಹಾಗೆ ಒಂದೇ ಜಾಗದಲ್ಲಿ ಚಿವುಟಿದಂತಾಗಿ, ಅಲ್ಲಿಂದ ಮುಂದೆ ಹೋಗುವುದೇ ಇಲ್ಲ ಅನ್ನಿಸಿದರೆ ಅದು ಮೂಳೆಗೆ ಮೂಳೆ ತಾಗುವ ಸೂಚನೆ ಇರಬಹುದು. ಅಲ್ಲಿ ಹಟ ಮಾಡಬಾರದು. ಗುಳಿಯ ಅಂಚಿನಲ್ಲಿರುವ ಮೃದುವಾದ ಭಾಗ ಸವೆದು ಹರಿಯುವ ಸಾಧ್ಯತೆ ಇದೆ.

ಹಳೆಯ ಗ್ರಂಥಗಳನ್ನು ನೋಡಿದರೆ ಅಲ್ಲಿ ಈ ಹಟ ಕಾಣುವುದಿಲ್ಲ. ಪತಂಜಲಿಯ ಯೋಗಸೂತ್ರ ಯಾವ ಆಸನವನ್ನೂ ಹೆಸರಿಸುವುದಿಲ್ಲ. ಸ್ಥಿರವಾಗಿ, ಸುಖವಾಗಿ ಕೂರಬೇಕು ಅಂತ ಹೇಳಿ ಮುಂದಕ್ಕೆ ಹೋಗುತ್ತದೆ. ಅದರ ವ್ಯಾಸಭಾಷ್ಯದಲ್ಲಿ ಆಸನಗಳ ಪಟ್ಟಿ ಇದೆ. ಪದ್ಮಾಸನವೇ ಅದರಲ್ಲಿ ಮೊದಲನೆಯದು. ಆದರೆ ಅದೇ ಪಟ್ಟಿಯಲ್ಲಿ ಆಸರೆ ಇಟ್ಟುಕೊಂಡು ಕೂರುವ ಆಸನವೂ ಇದೆ. ಕೊನೆಗೆ, ಹೇಗೆ ಸುಖವೋ ಹಾಗೆ ಕೂರಬಹುದು ಅಂತಲೂ ಇದೆ. 15ನೇ ಶತಮಾನದ ಹಠಯೋಗ ಪ್ರದೀಪಿಕೆಯಲ್ಲಿ ಸ್ವಾತ್ಮಾರಾಮರು ಮುಖ್ಯವಾದ ನಾಲ್ಕು ಆಸನ ಹೇಳಿ, ಅವುಗಳಲ್ಲಿ ಸಿದ್ಧಾಸನಕ್ಕೆ ಮೊದಲ ಜಾಗ ಕೊಟ್ಟಿದ್ದಾರೆ. ಪದ್ಮಾಸನ ಯಾರಿಗೆಂದರೆ ಅವರಿಗೆ ಸಿಗುವುದಲ್ಲ ಅಂತ ಅವರೇ ಬರೆದಿದ್ದಾರೆ. ದಿಂಬು ಹಾಕಿಕೊಂಡು ಕೂತರೆ ಸಂಪ್ರದಾಯಕ್ಕೆ ಕುಂದು ಅಂತ ಯಾರಾದರೂ ಹೇಳಿದರೆ ನನಗೆ ಈ ಭಾಷ್ಯ ನೆನಪಾಗುತ್ತದೆ.

ಪದ್ಮಾಸನಕ್ಕೆ ಯಾಕೆ ಅಷ್ಟು ಬೆಲೆ ಅಂದರೆ, ಕೂರುವ ತಳ ಅಗಲವಾಗುತ್ತದೆ. ಎರಡು ಮಂಡಿ, ಹಿಂದೆ ಪೃಷ್ಠ, ಮೂರೂ ನೆಲಕ್ಕೆ ತಾಗುತ್ತವೆ. ಕಾಲು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಜಾರುವುದಿಲ್ಲ. ಬೆನ್ನು ಹೆಚ್ಚು ಶ್ರಮವಿಲ್ಲದೆ ನೇರವಾಗಿ ನಿಲ್ಲುತ್ತದೆ. ಪ್ರಾಣಾಯಾಮಕ್ಕೆ, ಧ್ಯಾನಕ್ಕೆ ಬಹಳ ಹೊತ್ತು ಕೂರಬೇಕಾದವರಿಗೆ ಇದು ದೊಡ್ಡ ಅನುಕೂಲ. ಈ ಅನುಕೂಲದ ಬಹುಪಾಲು ಅರ್ಧ ಪದ್ಮಾಸನದಲ್ಲೂ, ಎತ್ತರದ ದಿಂಬಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೂ ಸಿಗುತ್ತದೆ. ಮಂಡಿ ನೋಯುತ್ತಿದ್ದರೆ ಪ್ರಾಣಾಯಾಮವೂ ಆಗುವುದಿಲ್ಲ, ಧ್ಯಾನವೂ ಆಗುವುದಿಲ್ಲ. ಮನಸ್ಸೆಲ್ಲ ಮಂಡಿಯಲ್ಲೇ ಇರುತ್ತದೆ.

ಈಗ ಅಭ್ಯಾಸಕ್ಕೆ ಬರೋಣ. ಮೈ ತಣ್ಣಗಿರುವಾಗ ನೇರವಾಗಿ ಪದ್ಮಾಸನಕ್ಕೆ ಹೋಗಬೇಡಿ. ಬೆಳಿಗ್ಗೆ ಎದ್ದ ಕೂಡಲೇ ಕೀಲುಗಳು ಬಿಗಿಯಾಗಿರುತ್ತವೆ. ಸ್ವಲ್ಪ ನಡೆದಾಡಿ, ಸೂರ್ಯನಮಸ್ಕಾರ ಮಾಡಿ, ಮೈ ಬಿಸಿಯಾಗಲಿ. ಆಮೇಲೆ ಸೊಂಟದ ಕೀಲಿನ ಅಭ್ಯಾಸ.

ಎಲ್ಲಕ್ಕಿಂತ ಕ್ಷೇಮವಾದದ್ದು ಮಲಗಿಕೊಂಡು ಮಾಡುವುದು. ಅಂಗಾತ ಮಲಗಿ, ಮಂಡಿಗಳನ್ನು ಮಡಚಿ, ಪಾದಗಳನ್ನು ನೆಲಕ್ಕೆ ಊರಿ. ಬಲಪಾದದ ಗಂಟನ್ನು ಎಡತೊಡೆಯ ಮೇಲೆ, ಮಂಡಿಗಿಂತ ಸ್ವಲ್ಪ ಮೇಲಕ್ಕೆ ಇಡಿ. ಬಲಪಾದದ ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದುಕೊಂಡಿರಿ. ಎರಡೂ ಕೈಯಿಂದ ಎಡತೊಡೆಯ ಹಿಂಭಾಗ ಹಿಡಿದು ಎದೆಯ ಕಡೆಗೆ ಮೆಲ್ಲಗೆ ತನ್ನಿ. ಬಲ ಪೃಷ್ಠದ ಆಳದಲ್ಲಿ ಸೆಳೆತ ಸಿಗುತ್ತದೆ. ಅಲ್ಲಿ 8–10 ಉಸಿರು ಇರಿ. ನೆಲವೇ ಬೆನ್ನನ್ನು ಹಿಡಿದುಕೊಂಡಿರುತ್ತದೆ, ಮಂಡಿಯ ಮೇಲೆ ಮೈಭಾರ ಬೀಳುವುದಿಲ್ಲ. ಎಷ್ಟು ಬೇಕೋ ಅಷ್ಟೇ ಎಳೆದುಕೊಳ್ಳಬಹುದು. ಇದೊಂದನ್ನೇ ದಿನಾ ಮಾಡಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ಬದ್ಧಕೋಣಾಸನ (ಅಂಗಾಲು ಎರಡನ್ನೂ ಜೋಡಿಸಿ ಮಂಡಿಗಳನ್ನು ಪಕ್ಕಕ್ಕೆ ಬಿಟ್ಟು ಕೂರುವುದು), ಜಾನುಶೀರ್ಷಾಸನ (ಒಂದು ಕಾಲು ಚಾಚಿ, ಇನ್ನೊಂದನ್ನು ಮಡಚಿ ಮುಂದಕ್ಕೆ ಬಾಗುವುದು) ಕೂಡ ಒಳ್ಳೆಯವೇ. ಬದ್ಧಕೋಣಾಸನದಲ್ಲಿ ಮಂಡಿಗಳನ್ನು ಪಟಪಟ ಅಂತ ಬಡಿಯುವ ಅಭ್ಯಾಸ ಕೆಲವರಿಗಿದೆ. ಕೈಯಿಂದ ಒತ್ತಿ ಬಡಿಯುವುದಂತೂ ಬೇಡ. ತೊಡೆ ಹೊರಕ್ಕೆ ಹೊರಳಿದರೆ ಮಂಡಿ ತಾನಾಗಿ ಕೆಳಗೆ ಬರುತ್ತದೆ. ಮಂಡಿಯನ್ನು ಒತ್ತಿ ತೊಡೆಯನ್ನು ಹೊರಳಿಸಲು ಹೋಗುವುದು ತಿರುವುಮುರುವು. ತೊಡೆಯನ್ನು ಬರೀ ಹೊರಕ್ಕೇ ಹೊರಳಿಸುತ್ತಾ ಇದ್ದರೂ ಸಾಲದು. ಒಳಕ್ಕೆ ತಿರುಗುವ ಅಭ್ಯಾಸವೂ ಜೊತೆಗಿರಲಿ. ಮಂಡಿಯೂರಿ ಪಾದಗಳ ನಡುವೆ ಕೂರುವ ವೀರಾಸನವನ್ನು ಪೃಷ್ಠದ ಕೆಳಗೆ ದಿಂಬಿಟ್ಟುಕೊಂಡು ಮಾಡಬಹುದು.

ಕೂರುವ ಜಾಗದಲ್ಲಿ ಮಡಚಿದ ಕಂಬಳಿ ಹಾಕಿಕೊಳ್ಳಿ. ಮೂರು ನಾಲ್ಕು ಅಂಗುಲ ಎತ್ತರ ಇರಲಿ. ಪೃಷ್ಠ ಅದರ ಅಂಚಿನ ಮೇಲೆ, ಕಾಲುಗಳು ನೆಲದ ಮೇಲೆ. ಹೀಗೆ ಕೂತರೆ ಸೊಂಟ ಮುಂದಕ್ಕೆ ವಾಲುತ್ತದೆ, ಕೆಳಬೆನ್ನು ಗೂನಾಗುವುದಿಲ್ಲ, ಮಂಡಿಗಳು ಇಳಿಯಲು ಜಾಗ ಸಿಗುತ್ತದೆ.

ಈಗ ಬಲಗಾಲು. ಇಲ್ಲಿ ದಯವಿಟ್ಟು ಗಮನ ಕೊಡಿ, ಯಾಕೆಂದರೆ ಬಹಳ ಜನ ತಪ್ಪುವುದು ಇಲ್ಲೇ. ಸಾಮಾನ್ಯವಾಗಿ ಏನು ಮಾಡುತ್ತೇವೆ? ಅರ್ಧ ಮಡಚಿದ ಕಾಲಿನ ಪಾದವನ್ನು ಹಿಡಿದು ಎಡತೊಡೆಯ ಮೇಲಕ್ಕೆ ಎಳೆಯುತ್ತೇವೆ. ಅರ್ಧ ಮಡಚಿದ ಮಂಡಿ ಸುಲಭವಾಗಿ ತಿರುಚಿಕೊಳ್ಳುತ್ತದೆ. ಹಾಗೆ ಮಾಡಬೇಡಿ. ಮೊದಲು ಮಂಡಿಯನ್ನು ಪೂರ್ತಿ ಮುಚ್ಚಿ. ಅಂದರೆ ಬಲ ಹಿಮ್ಮಡಿಯನ್ನು ಬಲ ಪೃಷ್ಠದ ಕಡೆಗೆ ತನ್ನಿ. ಮೀನಖಂಡ ತೊಡೆಗೆ ಅಂಟುವಷ್ಟು ಮಡಚಿ. ಅಷ್ಟು ಮಡಚಲು ನೋವಾದರೆ ಅವತ್ತಿಗೆ ಪದ್ಮಾಸನ ಅಲ್ಲಿಗೇ ಮುಗಿಯಿತು. ನೋವಿಲ್ಲದಿದ್ದರೆ ಆ ಮಡಿಕೆಯನ್ನು ಬಿಡದೆ ಇಡೀ ತೊಡೆಯನ್ನು ಹೊರಕ್ಕೆ ಹೊರಳಿಸಿ, ಮಂಡಿ ಪಕ್ಕಕ್ಕೆ ಬರಲಿ. ಒಂದು ಕೈ ಮಂಡಿಯ ಕೆಳಗೆ, ಇನ್ನೊಂದು ಕೈ ಪಾದದ ಗಂಟಿನ ಕೆಳಗೆ. ಕೆಳಗಾಲನ್ನು ಎರಡೂ ಕೈಯಿಂದ ಒಟ್ಟಿಗೇ ಎತ್ತಿ. ಹಿಮ್ಮಡಿ ಹೊಕ್ಕುಳಿನ ಕಡೆಗೆ ಬರಲಿ. ಪಾದದ ಹೊರ ಅಂಚು ಎಡ ತೊಡೆಸಂದಿನ ಮಡಿಕೆಯಲ್ಲಿ ಕೂರಬೇಕು.

ಪಾದ ತೊಡೆಯ ಮಧ್ಯದಲ್ಲೇ ನಿಂತರೆ ನೋಡಿ ಏನಾಗುತ್ತದೆ. ಗಂಟಿನಲ್ಲಿ ಪಾದ ಕೆಳಕ್ಕೆ ಜೋತುಬಿದ್ದು ವಕ್ರವಾಗುತ್ತದೆ. ಹೊರಗಂಟಿನ ಚರ್ಮ ಎಳೆದುಕೊಂಡು ಬಿಗಿಯಾಗಿರುತ್ತದೆ, ಒಳಗಂಟಿನ ಕಡೆ ಸುಕ್ಕು ಬಿದ್ದಿರುತ್ತದೆ. ಕಾಲು ಉಳುಕಿದಾಗ ಪೆಟ್ಟು ತಿನ್ನುವ ಲಿಗಮೆಂಟುಗಳೇ ಇಲ್ಲೂ ಎಳೆದುಕೊಳ್ಳುತ್ತವೆ. ಗಂಟು ಹೀಗೆ ವಕ್ರವಾಗಿದ್ದರೆ ಮೇಲೆ ಸೊಂಟ ಸಾಕಷ್ಟು ತಿರುಗಿಲ್ಲ ಅಂತ ಲೆಕ್ಕ. ಗಂಟು ನೇರವಾಗಿರಬೇಕು. ಪಾದದ ಬೆರಳುಗಳನ್ನು ಸ್ವಲ್ಪ ಮೊಣಕಾಲಿನ ಕಡೆಗೆ ಸೆಳೆದುಕೊಂಡರೆ ಕೆಳಗಾಲಿನ ಸ್ನಾಯು ಬಿಗಿಯಾಗಿ ಗಂಟಿಗೂ ಮಂಡಿಗೂ ಆಸರೆಯಾಗುತ್ತದೆ.

ಬಲಮಂಡಿ ನೆಲ ಮುಟ್ಟಿತಾ? ಮುಟ್ಟದಿದ್ದರೆ ಅದರ ಕೆಳಗೆ ಒಂದು ಮಡಚಿದ ಬಟ್ಟೆ ಇಡಿ. ಒತ್ತಬೇಡಿ. ಗಾಳಿಯಲ್ಲಿ ನಿಂತ ಮಂಡಿಯನ್ನು ಕೈಯಿಂದ ಅದುಮುವುದಕ್ಕಿಂತ ಕೆಟ್ಟ ಕೆಲಸ ಈ ಆಸನದಲ್ಲಿ ಇನ್ನೊಂದಿಲ್ಲ. ಹೀಗೆ ಒಂದೇ ಕಾಲು ಮೇಲಿಟ್ಟು ಕೂರುವುದು ಅರ್ಧ ಪದ್ಮಾಸನ. ತಿಂಗಳುಗಟ್ಟಲೆ, ಬೇಕಾದರೆ ವರ್ಷಗಟ್ಟಲೆ ಇಲ್ಲೇ ಇರಬಹುದು. ಒಂದು ದಿನ ಬಲಗಾಲು ಮೇಲೆ, ಮಾರನೇ ದಿನ ಎಡಗಾಲು ಮೇಲೆ. ಅರ್ಧ ಪದ್ಮಾಸನದಲ್ಲಿ ಎರಡೂ ಕಡೆ ಮಂಡಿ ನೆಲಕ್ಕೆ ಆರಾಮವಾಗಿ ಕೂತು, ಐದು ನಿಮಿಷ ಯಾವ ಸೆಳೆತವೂ ಇಲ್ಲದೆ ಇರಲು ಆಗುವ ತನಕ ಎರಡನೇ ಕಾಲಿನ ಯೋಚನೆ ಬೇಡ ಅನ್ನುವುದು ನನ್ನ ಸಲಹೆ.

ಎರಡನೇ ಕಾಲೇ ನಿಜವಾದ ಪರೀಕ್ಷೆ. ಮೊದಲ ಕಾಲು ತೊಡೆಯ ಮೇಲೆ ಬಂತಲ್ಲ ಅಂತ ಧೈರ್ಯ ಬಂದಿರುತ್ತದೆ. ಆದರೆ ಎರಡನೇ ಪಾದ ಮೊದಲ ಕೆಳಗಾಲನ್ನು ದಾಟಿ ಮೇಲೆ ಹೋಗಬೇಕು. ಅಷ್ಟು ಎತ್ತರ ಏರಬೇಕಾದರೆ ಆ ತೊಡೆ ಇನ್ನೂ ಜಾಸ್ತಿ ಹೊರಳಬೇಕು. ನಮ್ಮ ತರಗತಿಗೆ ಬರುತ್ತಿದ್ದ ಒಬ್ಬ ತರುಣನಿಗೆ ಬಲಗಾಲು ಮೊದಲ ವಾರವೇ ಸಲೀಸಾಗಿ ಕೂತಿತ್ತು. ಮನೆಯಲ್ಲಿ ಒಬ್ಬನೇ ಎಡಗಾಲನ್ನು ಎಳೆದು ಹಾಕಿದ್ದಾನೆ. ಟಕ್ ಅಂತ ಸದ್ದು ಬಂತಂತೆ. ನೋವೇನೂ ಆಗಲಿಲ್ಲವಂತೆ. ಮಾರನೇ ಬೆಳಿಗ್ಗೆ ಎಡಮಂಡಿ ಊದಿತ್ತು. ತುಂಬ ದಿನ ನೆಲದ ಮೇಲೆ ಕೂರಲು ಆಗದೆ ಕುರ್ಚಿಯಲ್ಲೇ ಪ್ರಾಣಾಯಾಮ ಮಾಡಿದ. ಈಗ ಅವನು ಚೆನ್ನಾಗಿದ್ದಾನೆ, ಅರ್ಧ ಪದ್ಮಾಸನದಲ್ಲಿ ಕೂರುತ್ತಾನೆ.

ಎರಡನೇ ಕಾಲು ಹಾಕುವಾಗ ಮಂಡಿಗಳನ್ನು ಸ್ವಲ್ಪ ಹತ್ತಿರಕ್ಕೆ ತಂದುಕೊಳ್ಳಿ. ಮೈ ಸ್ವಲ್ಪ ಹಿಂದಕ್ಕೆ ವಾಲಲಿ. ಮತ್ತೆ ಅದೇ ಕ್ರಮ: ಮೊದಲು ಮಂಡಿಯನ್ನು ಪೂರ್ತಿ ಮಡಚಿ, ಆಮೇಲೆ ತೊಡೆಯನ್ನು ಹೊರಳಿಸಿ, ಕೊನೆಗೆ ಎರಡೂ ಕೈಯಿಂದ ಕೆಳಗಾಲನ್ನು ಎತ್ತಿ ಇಡಿ. ಪಾದ ಜಾರಿಕೊಂಡು ಒಳಗೆ ಹೋಗಬೇಕು. ತುರುಕಬೇಕಾಗಿ ಬಂದರೆ ಅವತ್ತು ಬಿಟ್ಟುಬಿಡಿ.

ಕೂತಿದ್ದಾಯಿತು. ಎಷ್ಟು ಹೊತ್ತು? ಶುರುವಿನಲ್ಲಿ ನಾಲ್ಕೈದು ಉಸಿರು ಸಾಕು. ವಾರಗಳು ಕಳೆದ ಹಾಗೆ ಅರ್ಧ ನಿಮಿಷ, ಒಂದು ನಿಮಿಷ ಅಂತ ಹೆಚ್ಚಿಸಿಕೊಳ್ಳಿ. ಕಾಲು ಜೋಮು ಹಿಡಿಯುವುದನ್ನು ಸಹಿಸಿಕೊಂಡು ಕೂರುವುದೇ ಸಾಧನೆ ಅಂತ ಕೆಲವರು ತಿಳಿದಿದ್ದಾರೆ. ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಒಂದು ಸಣ್ಣ ಮೂಳೆಯ ಗುಂಡು ಕೈಗೆ ಸಿಗುತ್ತದೆ. ಮುಟ್ಟಿ ನೋಡಿ. ಪಾದವನ್ನು ಮೇಲಕ್ಕೆತ್ತುವ ನರ ಆ ಮೂಳೆಯನ್ನು ಸುತ್ತಿಕೊಂಡು ಚರ್ಮದ ಕೆಳಗೇ ಹೋಗುತ್ತದೆ. ಅದರ ಮೇಲೆ ತುಂಬ ಹೊತ್ತು ಒತ್ತಡ ಬಿದ್ದರೆ ಪಾದ ಎತ್ತಲು ಆಗದ ಸ್ಥಿತಿ ಬರಬಹುದು. 1971ರಲ್ಲೇ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇದರ ಬಗ್ಗೆ ವರದಿ ಬಂದಿತ್ತು. ಅದು ಬಹಳ ಹೊತ್ತು ಮಂಡಿಯೂರಿ ಕೂತದ್ದರಿಂದ ಆದದ್ದು, ಪದ್ಮಾಸನದಿಂದಲ್ಲ. ಆದರೆ ಪಾಠ ಒಂದೇ. ಜುಮುಜುಮು ಶುರುವಾದರೆ ಕಾಲು ಬಿಡಿಸಿ. ಪದ್ಮಾಸನದಲ್ಲಿ ಕೂತೇ ತೂಕಡಿಸುವುದಂತೂ ಬೇಡವೇ ಬೇಡ.

ಬಿಡಿಸುವುದರ ಬಗ್ಗೆ ಒಂದು ಮಾತು. ಹಾಕುವಾಗ ಎಲ್ಲರೂ ಜಾಗ್ರತೆ ವಹಿಸುತ್ತಾರೆ. ಬಿಡಿಸುವಾಗ ಅವಸರ. ಮೇಲಿನ ಪಾದ ಇನ್ನೂ ತೊಡೆಗೆ ಸಿಕ್ಕಿಕೊಂಡಿರುವಾಗಲೇ ಮಂಡಿಯನ್ನು ನೆಟ್ಟಗೆ ಮಾಡಲು ಹೋಗುತ್ತಾರೆ. ಮಂಡಿ ಪೂರ್ತಿ ತಿರುಚಿಕೊಳ್ಳುವುದು ಆ ಕ್ಷಣದಲ್ಲೇ. ಹಾಕಿದ ಹಾಗೆಯೇ ಎರಡೂ ಕೈಯಿಂದ ಕೆಳಗಾಲನ್ನು ಎತ್ತಿ, ಮಂಡಿ ಮಡಚಿಕೊಂಡೇ ಪಾದವನ್ನು ಇಳಿಸಿ. ಆಮೇಲೆ ನಿಧಾನಕ್ಕೆ ಕಾಲು ಚಾಚಿ. ದಂಡಾಸನದಲ್ಲಿ, ಅಂದರೆ ಎರಡೂ ಕಾಲು ಮುಂದಕ್ಕೆ ಚಾಚಿ ಬೆನ್ನು ನೇರ ಮಾಡಿ ಕೂತು ತೊಡೆಯ ಮುಂಭಾಗವನ್ನು ಬಿಗಿ ಮಾಡಿ, ಸಡಿಲ ಬಿಡಿ, ನಾಲ್ಕೈದು ಸಲ. ಪಾದಕ್ಕೆ ಪೂರ್ತಿ ಸ್ಪರ್ಶ ಬಂದ ಮೇಲೆ ಎದ್ದು ನಿಲ್ಲಿ. ಜೋಮು ಹಿಡಿದ ಕಾಲಲ್ಲಿ ಎದ್ದು ಮುಗ್ಗರಿಸಿ ಪಾದ ಉಳುಕಿಸಿಕೊಂಡವರನ್ನು ನಾನು ನೋಡಿದ್ದೇನೆ.

ಕಲಿಸುವವರು ಇಲ್ಲಿ ಇದ್ದೀರಿ. ನಿಮಗೆ ಒಂದು ವಿನಂತಿ. ವಿದ್ಯಾರ್ಥಿಯ ಮಂಡಿಯನ್ನು ಕೈಯಿಂದಾಗಲಿ ಕಾಲಿನಿಂದಾಗಲಿ ಒತ್ತಬೇಡಿ. ಒತ್ತುವ ಕೈಗೆ ಒಳಗೆ ಏನು ಸಿಕ್ಕಿಕೊಂಡಿದೆ ಅಂತ ಗೊತ್ತಾಗುವುದಿಲ್ಲ. ಗುರುಗಳು ಒತ್ತುತ್ತಿದ್ದಾರೆ, ಸುಮ್ನಿರಬೇಕು ಅಂತ ವಿದ್ಯಾರ್ಥಿ ತುಟಿ ಕಚ್ಚಿಕೊಂಡು ಕೂತಿರುತ್ತಾನೆ. ಕಲಿಯುವವರೂ ಅಷ್ಟೇ. ಯಾರು ಒತ್ತಲು ಬಂದರೂ "ಬೇಡ ಸರ್", "ಬೇಡ ಮೇಡಂ" ಅಂತ ಬಾಯಿಬಿಟ್ಟು ಹೇಳಿ. ಸರ್ವಾಂಗಾಸನದಲ್ಲೋ ಶೀರ್ಷಾಸನದಲ್ಲೋ ಕಾಲು ಮೇಲೆ ಎತ್ತಿ ಪದ್ಮಾಸನ ಹಾಕುವುದನ್ನು, ನೆಲದ ಮೇಲೆ ಕೂತು, ಕಾಲಿಗೆ ಕೈ ಮುಟ್ಟಿಸದೆಯೇ ಪದ್ಮಾಸನ ಹಾಕಬಲ್ಲವರಿಗೆ ಮಾತ್ರ ಬಿಡಿ. ತಲೆಕೆಳಗಾಗಿರುವಾಗ ಕಾಲಿಗೆ ಕೈಯ ಸಹಾಯ ಸಿಗುವುದಿಲ್ಲ.

ಯಾರು ಮಾಡಬಾರದು? ಮಂಡಿಯ ಮೆನಿಸ್ಕಸ್ ಹರಿದವರು, ಲಿಗಮೆಂಟಿಗೆ ಪೆಟ್ಟು ಬಿದ್ದವರು, ಮಂಡಿಯ ಅಥವಾ ಸೊಂಟದ ಕೀಲು ಬದಲಿಸಿಕೊಂಡವರು, ಸಂಧಿವಾತದಿಂದ ಮಂಡಿ ಊದಿರುವವರು, ಸಯಾಟಿಕಾ (ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವು) ಕೆರಳಿರುವವರು. ಇವರೆಲ್ಲ ವೈದ್ಯರನ್ನು ಕೇಳದೆ ಅರ್ಧ ಪದ್ಮಾಸನಕ್ಕೂ ಹೋಗಬಾರದು. ಕೀಲುಗಳು ಹುಟ್ಟಿನಿಂದಲೇ ತುಂಬ ಸಡಿಲ ಇರುವವರು ಇನ್ನೊಂದು ಗುಂಪು. ಇವರಿಗೆ ಆಸನ ಮೊದಲ ದಿನವೇ ಬರುತ್ತದೆ, ಎಲ್ಲರೂ ಭೇಷ್ ಅನ್ನುತ್ತಾರೆ. ಆದರೆ ಅವರ ಲಿಗಮೆಂಟುಗಳೇ ಸಡಿಲ. ಇವರು ಇನ್ನಷ್ಟು ಚಾಚುವುದಕ್ಕಿಂತ ತೊಡೆ, ಪೃಷ್ಠದ ಸ್ನಾಯುಗಳನ್ನು ಬಲಪಡಿಸಿಕೊಳ್ಳುವುದು ಒಳ್ಳೆಯದು.

ಇನ್ನು ನಿಮ್ಮ ಪ್ರಶ್ನೆಗಳು.

*ಪದ್ಮಾಸನ ಹಾಕುವಾಗ ಮಂಡಿಯಲ್ಲಿ ಸದ್ದು ಬರುತ್ತದೆ, ನೋವಿಲ್ಲ. ತೊಂದರೆನಾ?*

ನೋವಿಲ್ಲದ, ಊತವಿಲ್ಲದ ಸದ್ದು ಸಾಮಾನ್ಯವಾಗಿ ಅಪಾಯದ್ದಲ್ಲ. ಕೀಲಿನೊಳಗಿನ ದ್ರವದಲ್ಲಿ ಗಾಳಿಗುಳ್ಳೆಯಿಂದಲೂ ಸದ್ದು ಬರುತ್ತದೆ, ಸ್ನಾಯುವಿನ ದಾರ ಮೂಳೆಯ ಮೇಲೆ ಜಾರಿದಾಗಲೂ ಬರುತ್ತದೆ. ಪ್ರತಿಸಲ ಅದೇ ಜಾಗದಲ್ಲಿ, ಅದೇ ಕೋನದಲ್ಲಿ ಬಂದರೆ ಆ ಕೋನಕ್ಕೆ ಹೋಗಬೇಡಿ. ಸದ್ದಿನ ಜೊತೆ ನೋವು ಬಂದರೆ, ಮಂಡಿ ಊದಿದರೆ, ಮಡಚಿದ ಮಂಡಿ ಬಿಡಿಸಲು ಆಗದೆ ಸಿಕ್ಕಿಹಾಕಿಕೊಂಡರೆ, ನಡೆಯುವಾಗ ಮಂಡಿ ಕುಸಿದರೆ ಮೂಳೆ ವೈದ್ಯರ ಹತ್ತಿರ ಹೋಗಿ. ತಡ ಮಾಡಬೇಡಿ.

*ನನಗೆ ಅರವತ್ತು ದಾಟಿದೆ. ಈಗ ಶುರು ಮಾಡಬಹುದಾ?*

ಅಮ್ಮ, ಮಂಡಿಯಲ್ಲಿ ಸವೆತ ಇದೆಯಾ ಅನ್ನುವುದನ್ನು ಮೊದಲು ತೋರಿಸಿಕೊಳ್ಳಿ. ಇಲ್ಲದಿದ್ದರೆ ಮಲಗಿಕೊಂಡು ಮಾಡುವ ಅಭ್ಯಾಸವನ್ನು ಇವತ್ತೇ ಶುರು ಮಾಡಿ. ಅದರಿಂದ ಸೊಂಟ ಹಗುರಾಗುತ್ತದೆ. ಧ್ಯಾನಕ್ಕೆ ಎತ್ತರದ ದಿಂಬಿನ ಮೇಲೆ ಸುಖಾಸನ ಹಾಕಿ, ಇಲ್ಲವೇ ಕುರ್ಚಿಯಲ್ಲಿ ಪಾದ ಎರಡೂ ನೆಲಕ್ಕೆ ಊರಿ, ಬೆನ್ನು ಒರಗಿಸದೆ ಕೂತುಕೊಳ್ಳಿ. ಪದ್ಮಾಸನಕ್ಕಾಗಿ ಕಾಯುತ್ತಾ ಧ್ಯಾನವನ್ನು ಮುಂದಕ್ಕೆ ಹಾಕಬೇಡಿ.

*ಗರ್ಭಿಣಿಯರು?*

ಗರ್ಭಿಣಿಯಾದಾಗ ಹಾರ್ಮೋನುಗಳ ಬದಲಾವಣೆಯಿಂದ ಲಿಗಮೆಂಟುಗಳು ಸಡಿಲವಾಗುತ್ತವೆ. ಮೊದಲು ಬರದಿದ್ದ ಆಸನ ಈಗ ಬಂದಂತೆ ಅನ್ನಿಸಬಹುದು. ಅದನ್ನು ನಂಬಿ ಮುಂದೆ ಹೋಗಬೇಡಿ. ಈ ಸಮಯದಲ್ಲಿ ಹೊಸದಾಗಿ ಪದ್ಮಾಸನ ಕಲಿಯುವುದು ಬೇಡ. ಮಂಡಿಗಳ ಕೆಳಗೆ ದಿಂಬಿಟ್ಟು ಬದ್ಧಕೋಣಾಸನದಲ್ಲಿ ಕೂರಬಹುದು, ಅದೂ ನಿಮ್ಮ ವೈದ್ಯರು ಸರಿ ಅಂದರೆ.

*ಬಲಗಾಲು ಮೊದಲು ಹಾಕಿದರೆ ಬರುತ್ತದೆ, ಎಡಗಾಲು ಮೊದಲು ಹಾಕಿದರೆ ಬರುವುದಿಲ್ಲ. ಬರುವ ಕಡೆಗೆ ಮಾತ್ರ ಮಾಡಿದರೆ ಸಾಲದಾ?*

ಎರಡೂ ಕಡೆ ಒಂದೇ ಥರ ಇರುವವರು ಕಡಿಮೆ. ಗ್ರಂಥಗಳಲ್ಲಿ ಬಲಗಾಲು ಮೊದಲು ಅಂತ ಇದೆ, ಹಾಗಾಗಿ ಎಲ್ಲರೂ ಅದನ್ನೇ ರೂಢಿಸಿಕೊಂಡಿರುತ್ತಾರೆ. ವರ್ಷಗಟ್ಟಲೆ ಒಂದೇ ಕಡೆ ಮಾಡಿದರೆ ಸೊಂಟ ಒಂದು ಕಡೆ ಮಾತ್ರ ಸಡಿಲವಾಗಿ ಇನ್ನೊಂದು ಕಡೆ ಹಾಗೇ ಉಳಿಯುತ್ತದೆ. ಬಲಗಾಲು ಮೊದಲು ಹಾಕಿದ ದಿನ ಪೂರ್ಣ ಪದ್ಮಾಸನ ಮಾಡಿ. ಎಡಗಾಲು ಮೊದಲು ಹಾಕಿದ ದಿನ ಅರ್ಧ ಪದ್ಮಾಸನದಲ್ಲೇ ನಿಲ್ಲಿಸಿ. ಮಲಗಿ ಮಾಡುವ ಅಭ್ಯಾಸವನ್ನು ಬಿಗಿಯಾಗಿರುವ ಕಡೆಗೆ ಒಂದು ಸಲ ಜಾಸ್ತಿ ಮಾಡಿ. ಎರಡು ಮೂರು ತಿಂಗಳಾದ ಮೇಲೆ ಬಿಗಿಯಾಗಿರುವ ಕಡೆಯ ಮಂಡಿ ಎಷ್ಟು ಇಳಿದಿದೆ ಅಂತ ನೋಡಿ, ಮುಂದಿನದನ್ನು ಆಗ ಯೋಚಿಸೋಣ.